ಕಾಯುವ ಬಾಗಿಲು

"ನನ್ನ ಕೋಡ್ ಅಳಿಸಿದ್ದು ನೀವಾ?"

ಅವಳು ತಲೆಯೆತ್ತಿದಳು. ಲಿಫ್ಟ್ ನಡೆಸುವ ತಂತ್ರಾಂಶಕ್ಕೆ ಕೋಡ್ ಬರೆಯುವವನು ಮೇಜಿನ ಮುಂದೆ ನಿಂತಿದ್ದ. ಒಂದೇ ತಂಡದಲ್ಲಿದ್ದರೂ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

ಆ ತಂತ್ರಾಂಶದ ಚಿತ್ರ ಬರೆಯುವುದು ಅವಳ ಕೆಲಸ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು... ಎಲ್ಲವೂ ಚೌಕ, ಬಾಣಗಳಲ್ಲಿ. ಸಂಜೆ ಒಂದು ಬಟನ್ ಒತ್ತಿದರೆ ಚಿತ್ರದಲ್ಲಿರುವುದು ಕೋಡ್ ಆಗುತ್ತದೆ, ಚಿತ್ರದಲ್ಲಿಲ್ಲದ್ದು ಅಳಿದುಹೋಗುತ್ತದೆ. ಹಾಗಾಗಿ ಕೋಡಿನಲ್ಲಿ ಏನೇ ಸೇರಿಸಿದರೂ ಅವಳಿಗೆ ಹೇಳಬೇಕೆಂಬುದು ತಂಡದ ಪದ್ಧತಿ.

ಅವನು ಹೇಳಿರಲಿಲ್ಲ. ನಿನ್ನೆ ಸಂಜೆ ಬಟನ್ ಒತ್ತುವ ಮೊದಲು ಅವಳೂ ಕೇಳಿರಲಿಲ್ಲ.

"ಹೌದು, ಆದ್ರೆ..."

ಉಳಿದ ಮಾತನ್ನು ಅವಳು ಜೋಡಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅವನು ಹೋಗಿಬಿಟ್ಟ.

ಮಧ್ಯಾಹ್ನ, ತಂಡದ ಕೋಡ್ ಪರೀಕ್ಷಿಸುವ ಟೆಸ್ಟಿಂಗ್ ಅಕ್ಕ ಸುದ್ದಿ ತಂದಳು. ಆ ಮಹಾರಾಣಿಯ ಜೊತೆ ತನ್ನಿಂದಾಗದು ಎಂದು ಅವನು ಬೇರೆ ತಂಡ ಕೇಳಿದ್ದಾನಂತೆ. ನಾಳೆ ಮ್ಯಾನೇಜರ್ ಒಪ್ಪಿಗೆ ಕೊಡುತ್ತಾರಂತೆ.

"ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಜನ ಜಂಬ ಅಂತಾರೆ ಕಣೇ," ಎಂದಳು ಅಕ್ಕ.

ಜಂಬವೇನಿರಲಿಲ್ಲ. ಅವನು ಬರುವ ಸದ್ದಾದರೆ ಸಾಕು, ಅವಳ ತಲೆ ತಾನಾಗಿ ತಗ್ಗುತ್ತಿತ್ತು, ಅಷ್ಟೆ.

ಅಕ್ಕನ ಕಂಪ್ಯೂಟರಿನಲ್ಲಿ ಅವನ ಕೋಡಿನ ಒಂದು ಪ್ರತಿ ಉಳಿದಿತ್ತು. ಅವಳು ಸಾಲುಸಾಲಾಗಿ ಓದಿದಳು. ನಿಧಾನವಾಗಿ ನಡೆಯುವವರು ಒಳಗೆ ಬರುವವರೆಗೂ ಬಾಗಿಲು ಮುಚ್ಚದೆ ಕಾಯುವಂತೆ ಬರೆದಿದ್ದ.

ಇಷ್ಟು ಕಾಯಬಲ್ಲವನು ನನ್ನ ಒಂದು ಮಾತಿಗೆ ಕಾಯಲಿಲ್ಲವಲ್ಲ... ಎಂದುಕೊಂಡಳು. ಆಮೇಲೆ ಚಿತ್ರದಲ್ಲಿ ಹೊಸ ಚೌಕವೊಂದನ್ನು ಬರೆದು ಬಾಣಗಳನ್ನು ಜೋಡಿಸಿದಳು.

ಬಟನ್ ಒತ್ತಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಅವನ ಮೇಜಿಗೆ ಹೋದಳು.

"ಇದು... ಸರಿಯಿದ್ಯಾ ನೋಡಿ. ನೀವು ಹೂಂ ಅಂದ್ರೆ ಒತ್ತುತ್ತೀನಿ."

ಅವನು ನೋಡಿದ. ಒಂದು ಬಾಣದ ದಿಕ್ಕು ತಪ್ಪಿತ್ತು; ತಿದ್ದಿ, ತಾನೇ ಒತ್ತಿದ. ಪರದೆಯ ಮೇಲಿನ ಬಾಗಿಲು ಮತ್ತೆ ಕಾಯತೊಡಗಿತು.

"ಬೆಳಿಗ್ಗೆ ಏನೋ ಹೇಳೋಕೆ ಹೊರಟಿದ್ರಿ," ಎಂದ. "ಈಗ ಹೇಳಿ. ನಿಧಾನಕ್ಕೆ."

ಬೆಳಗಿನ ಮಾತು ಅವಳಿಗೆ ಮರೆತೇಹೋಗಿತ್ತು.

"ಬೇರೆ ತಂಡಕ್ಕೆ... ಹೋಗ್ಬೇಡಿ."

ಅವನು ತನ್ನ ಕೋರಿಕೆ ವಾಪಸ್ ಪಡೆದಿದ್ದೇನೆಂದು ಮ್ಯಾನೇಜರ್‌ಗೆ ಒಂದು ಸಾಲು ಕಳಿಸಿ, ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ಹೇಳದೆ ಇಟ್ಕೊಂಡಿದ್ದು ಇನ್ನೊಂದಿದೆ. ನೀವಂದ್ರೆ ನಂಗಿಷ್ಟ. ನೀವು ಒಂದ್ಸಲನೂ ತಲೆಯೆತ್ತಿ ನೋಡ್ತಿರ್ಲಿಲ್ಲ, ಅದಕ್ಕೇ ಸಿಟ್ಟು ಅಷ್ಟು ಬಂತು."

ಈ ಸಲ ಅವನು ಕಾದ.

"ಆ ಇಷ್ಟ ನನ್ನ ಕಡೆ ಮೊದಲೇ ಇತ್ತು," ಎಂದಳು ತಲೆಯೆತ್ತಿ. "ನಿಮಗೆ ಹೇಳಿರ್ಲಿಲ್ಲ."