ಬರ್ತೀವಿ ಅಂದ ತಪ್ಪಿಗೆ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೇ ಇನ್ನೂ ಇದರ ತಲೆಬುಡ ಅರ್ಥವಾಗಿಲ್ಲ.

ಅಕ್ಕನೂ ನಾನೂ ನದಿ ದಂಡೆಯ ಹಳೇ ಪಟ್ಟಣಗಳನ್ನು ನೋಡುತ್ತ ಕಾರಿನಲ್ಲಿ ಹೊರಟಿದ್ದೆವು. ಮಧ್ಯಾಹ್ನ ನದಿ ಪಕ್ಕದ ದ್ರಾಕ್ಷಿ ತೋಟವೊಂದರಲ್ಲಿ ಕುಡಿಯಲು ನೀರು ಕೇಳಿದೆವು. ತೋಟದ ಅಜ್ಜಿ ಎರಡು ಲೋಟ ಕೊಟ್ಟಳು. ಅಂಥ ಬಿಸಿಲಿನಲ್ಲೂ ಲೋಟ ಹಿಡಿದ ಕೈ ಜೋಮು ಹಿಡಿಯಿತು, ನೀರು ಅಷ್ಟು ತಣ್ಣಗಿತ್ತು. ಹೊರಡುವಾಗ "ಬರ್ತೀವಿ ಅಜ್ಜಿ" ಅಂದೆ.

"ಬನ್ನಿ" ಅಂದಳು.

ಇದ್ದದ್ದು ಒಂದೇ ರಸ್ತೆ. ನದಿ ಉದ್ದಕ್ಕೂ ಎಡಕ್ಕೇ ಇತ್ತು, ನಾವು ಎಲ್ಲೂ ಹಿಂದೆ ತಿರುಗಲಿಲ್ಲ. ಹತ್ತು ನಿಮಿಷಕ್ಕೆ ಮತ್ತೆ ಅದೇ ತೋಟ, ಜಗಲಿಯ ಮೇಲೆ ಅವೇ ಲೋಟಗಳು, ತುಂಬಿದ್ದವು. ದಾರಿ ಕೇಳಿಕೊಂಡು, "ಬರ್ತೀವಿ" ಎಂದು ಹೊರಟರೆ ಮತ್ತೆ ಅಲ್ಲಿಗೇ ಬಂದೆವು. ಮೂರು ಸಲ ಹೀಗಾಯಿತು.

"ಲೋ, ಬರ್ತೀವಿ ಬರ್ತೀವಿ ಅಂತಿದ್ದೀಯಲ್ಲ, ಅದಕ್ಕೇ ಕಣೋ. ಹೋಗ್ತೀವಿ ಅನ್ನು" ಎಂದಳು ಅಕ್ಕ.

ಹಾಗನ್ನಲು ಬಾಯಿಯೇ ಬರಲಿಲ್ಲ. ಆದರೂ ಅಂದೆ. ಅಜ್ಜಿ ಅಕ್ಕನನ್ನೇ ನೋಡಿದಳು. ಹತ್ತೇ ನಿಮಿಷದಲ್ಲಿ ಪಟ್ಟಣ ಸಿಕ್ಕಿತು.

ಕಾರಿನಿಂದ ಇಳಿದ ಮೇಲೆ ಅಕ್ಕ ಸಣ್ಣ ದನಿಯಲ್ಲಿ, "ಕೊನೇ ಸಲ ಕಾರು ಹತ್ತೋವಾಗ ಅಭ್ಯಾಸಬಲದಿಂದ ನಾನೂ 'ಬರ್ತೀನಿ ಅಜ್ಜಿ' ಅಂದ್ಬಿಟ್ಟೆ ಕಣೋ" ಎಂದಳು.

ನಾವು ಮನೆಗೆ ಬಂದು ಎಂಟು ದಿನವಾಯಿತು. ತೊಳೆದಿಟ್ಟ ಅಕ್ಕನ ಚಪ್ಪಲಿಗೆ ದಿನಾ ಬೆಳಿಗ್ಗೆ ಹಸಿ ಮಣ್ಣು ಮೆತ್ತಿರುತ್ತದೆ, ಅದರಲ್ಲೊಂದು ದ್ರಾಕ್ಷಿ ಎಲೆ.