ಲಿಂಗಂಪಲ್ಲಿ ಸಭೆಯ ಖಾಲಿ ಟ್ಯಾಂಕು

ಭಾನುವಾರ ಬೆಳಿಗ್ಗೆ ಪಾದ್ರಿ ಸುಂದರಪ್ಪ ನಲ್ಲಿ ತಿರುಗಿಸಿದರು. ಗಾಳಿ ಬಂತು.

ಲಿಂಗಂಪಲ್ಲಿಯ ಕನ್ನಡ ಕ್ರೈಸ್ತ ಸಭೆಯಲ್ಲಿ ಅಂದು ಒಂದು ಕೂಸಿಗೆ ದೀಕ್ಷಾಸ್ನಾನ, ಬಳಿಕ ಎಲ್ಲರಿಗೂ ಊಟ. ಅದಕ್ಕೆಂದೇ ಹಿಂದಿನ ಸಂಜೆ ಟ್ಯಾಂಕರ್ ತರಿಸಿ ಮಾಳಿಗೆಯ ಟ್ಯಾಂಕು ತುಂಬಿಸಿದ್ದರು. ಈಗ ತಳ ಕಾಣುತ್ತಿತ್ತು. ಹಿತ್ತಲಿನಾಚೆ, ಸಾಫ್ಟ್‌ವೇರಿನವರಿಗಾಗಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಅಂಗಳವೆಲ್ಲ ಕೆಸರು.

"ಕಟ್ಟಡದವ್ರಿಗೆ ನೀರು ಮಾರೀದಿ," ಎಂದು ಪಾದ್ರಿ, ಸಭೆಯ ಕೋಣೆಯಲ್ಲೇ ವಾಸವಿದ್ದ ಕಾವಲುಗಾರ ಹುಸೇನಪ್ಪನಿಗೆ ಗದರಿದರು. "ಇವತ್ತ ಖೋಲಿ ಬಿಡು."

"ನಾ ಕಾಯಿಪಲ್ಲೆ ತರಾಕ ಹೋಗಿದ್ದೆರಿ. ಹೆಂಡ್ತಿಗೆ ದಿನ ತುಂಬ್ಯಾವ, ಎಲ್ಲಿಗೆ ಕರ್ಕೊಂಡ್ ಹೋಗ್ಲಿ?"

ಪಕ್ಕದ ಮನೆಯ ರಾಮಕೃಷ್ಣ ಮೈಸೂರಿನವರು, ರಕ್ಷಣಾ ಕಾರ್ಖಾನೆಯ ಭದ್ರತಾ ವಿಭಾಗದಿಂದ ನಿವೃತ್ತರು. ಕರೆಯದಿದ್ದರೂ ಬರುವವರು, ಇಂದು ಕರೆಸಿಕೊಂಡು ಬಂದಿದ್ದರು.

"ದೀಕ್ಷಾಸ್ನಾನಕ್ಕೆ ಎಷ್ಟು ನೀರು ಬೇಕು?"

"ಒಂದು ಬಟ್ಟಲ. ಹಣಿಗೆ ನಾಕು ಹನಿ ಹಾಕಿದ್ರ ಆತು," ಎಂದರು ಪಾದ್ರಿ.

"ನಿಮ್ಮಲ್ಲಿ ಹನಿ," ಎಂದರು ಗಂಗೂಬಾಯಿ, ಸಭೆಯ ಹಿರಿಯ ಬಸವರಾಜರ ಹೆಂಡತಿ. "ನಮ್ಮ ತವರಿನ ಸಭಾದಾಗ ಪೂರಾ ಮುಳುಗಸ್ತಾರ. ಸ್ನಾನ ಅಂದಮ್ಯಾಲ ಮೈ ತೊಯ್ಬೇಕು."

ಈ ಮಾತಿಗೆ ಪ್ರತಿ ವಾರ ಜಗಳಕ್ಕೆ ನಿಲ್ಲುವ ಬಸವರಾಜರು ಇಂದು ಕೇಳಿಸದವರಂತೆ, "ಹೋಗ್ಲಿ ಬಿಡ್ರಿ, ಹುಸೇನಪ್ಪಗ ಮಾಫ್ ಮಾಡ್ರಿ," ಎಂದರು.

ರಾಮಕೃಷ್ಣ ಹಿತ್ತಲಿಗೆ ಹೋದರು. ಸಭೆಯ ಕಟ್ಟಡ ಕಟ್ಟುವಾಗ ಇಟ್ಟಿಗೆ ನೆನೆಸುತ್ತಿದ್ದ ಸಿಮೆಂಟಿನ ತೊಟ್ಟಿ—ಖಾಲಿ, ಗೋಡೆ ಮಾತ್ರ ಒದ್ದೆ. ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಬಿಚ್ಚಿಟ್ಟ ಮೊಬೈಲ್.

"ಯಾರದ್ದು?"

"ನಂದರಿ," ಎಂದರು ಬಸವರಾಜ. "ಬ್ಯಾಟರಿ ಭಾಳ ಗರಂ ಆಗಿತ್ತು."

"ಹುಸೇನಪ್ಪ, ಕಾಯಿಪಲ್ಲೆಗೆ ಕಳಿಸಿದ್ದು ಯಾರು?"

"ಇವ್ರರಿ," ಎಂದು ಹುಸೇನಪ್ಪ ಬಸವರಾಜರತ್ತ ಕೈ ತೋರಿಸಿದ. "ನಸುಕಿನ್ಯಾಗ."

ರಾಮಕೃಷ್ಣ ಕನ್ನಡಕ ಒರೆಸಿಕೊಂಡರು. "ಕೆಸರನ್ನು ಎಲ್ಲರೂ ನೋಡಿದಿರಿ. ಮೊಬೈಲನ್ನು ಯಾರೂ ನೋಡಲಿಲ್ಲ. ಬಿಸಿಯಾದ ಬ್ಯಾಟರಿಯನ್ನು ಯಾರೂ ಬಿಸಿಲಿಗೆ ಇಡುವುದಿಲ್ಲ. ಒದ್ದೆಯಾದದ್ದನ್ನು ಇಡುತ್ತಾರೆ. ಟ್ಯಾಂಕಿನ ನೀರು ತೊಟ್ಟಿಗೆ ಬಂತು, ಬಸವರಾಜರು ಅದರಲ್ಲಿ ಮುಳುಗಿದರು—ಜೇಬಿನಲ್ಲಿ ಮೊಬೈಲ್ ಸಮೇತ. ಆಮೇಲೆ ತೊಟ್ಟಿಯ ಬಿರಡೆ ತೆಗೆದರು. ನೀರು ಆಚೆ ಹರಿಯಿತು."

ಬಸವರಾಜರು ಬಿಚ್ಚಿಟ್ಟ ಮೊಬೈಲ್ ಕೈಗೆತ್ತಿಕೊಂಡರು.

"ಹೌದ್ರಿ," ಎಂದರು ಬಸವರಾಜ. "ಇಕಿ ತವರಿನ ಪಾದ್ರಿ ಬಂದು ನನಗ ಮುಳುಗಿಸಿ ದೀಕ್ಷಾಸ್ನಾನ ಕೊಟ್ರು. ಹನಿ ಸಾಕಂತ ಇಡೀ ಸಭಾಕ್ಕ ಹೇಳಿದಾಂವ ನಾನ, ಹ್ಯಾಂಗ ಬಾಯಿ ಬಿಡ್ಲಿ? ಸ್ವರ್ಗದಾಗ ನೀವೊಂದ್ ಕಡೆ ನಾನೊಂದ್ ಕಡೆ ಅಂತ ದಿನಾ ಅಳ್ತಾಳ್ರಿ."

ಗಂಗೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಜೇಬು ನೋಡ್ಕೊಂಡು ಮುಳುಗಬಾರದೇನ್ರಿ?"

ಪಾದ್ರಿ ಹುಸೇನಪ್ಪನ ಹೆಗಲ ಮೇಲೆ ಕೈಯಿಟ್ಟರು. "ತಪ್ಪಾತಪ್ಪ. ಖೋಲಿ ನಿಂದ."

ಕೂಸಿಗೆ ಹುಸೇನಪ್ಪನ ಮನೆಯ ಕೊಡದ ನೀರೇ ಸಾಕಾಯಿತು. ಅಡುಗೆಗೆ ಸಾಲಲಿಲ್ಲ. ರಾಮಕೃಷ್ಣರ ಬೋರ್‌ವೆಲ್ಲಿನಿಂದ ಕೊಡ ಹೊತ್ತು ತಂದವರು ಬಸವರಾಜ. ಊಟದ ಹೊತ್ತಿಗೆ ಅವರು ತುಳುಕಿದ ನೀರಿಗೆ ನೆತ್ತಿಯಿಂದ ಪಾದದವರೆಗೆ ತೊಯ್ದಿದ್ದರು.

"ಇದು ಲೆಕ್ಕಕ್ಕಿಲ್ಲ," ಎಂದರು ಗಂಗೂಬಾಯಿ, ಟವೆಲ್ ಕೊಡುತ್ತ.