ಸೊನ್ನೆ ಅಂದ್ರೆ ಸೊನ್ನೆ

ಟೀಚರಮ್ಮ ಅಂದದ್ದು ಎರಡೇ ಮಾತು. ರಾಜಕೀಯಕ್ಕೆ ಬರುವ ಮೊದಲು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಆಕೆಯನ್ನು ವಿಧಾನಸಭೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಆಳುವ ಪಕ್ಷದ ಶಾಸಕನೊಬ್ಬ ಆಗಷ್ಟೇ ತನ್ನ ಮಸೂದೆ ಮಂಡಿಸಿ ಕೂತಿದ್ದ: ಸರ್ಕಾರದ ಸಂಬಳ ಉಣ್ಣುವ ಚಾಲಕರು, ಕಸ ಗುಡಿಸುವವರು, ಆಸ್ಪತ್ರೆಯ ಆಯಾಗಳು, ಎಲ್ಲರ ಮೂತ್ರವೂ ಪರೀಕ್ಷೆಯಾಗಬೇಕು. ಗಾಂಜಾ ಕಂಡರೆ ಅಂದೇ ವಜಾ. ಎದುರು ಸಾಲಿನಿಂದ ಆಕೆ ಎದ್ದಳು. "ಊರವರ ಉಚ್ಚೆ ಎಲ್ಲ ಮೂಸೋಕೆ ಹೊರಟಿದ್ದೀರಿ. ಮೊದಲು ನಿಮ್ಮದು ಕೊಡಿ ಸ್ವಾಮಿ."

ಸಭೆ ನಕ್ಕಿತು. ಅವನ ಪಕ್ಷದವರೂ ನಕ್ಕರು. ಅವಮಾನವಾಗಬೇಕಿತ್ತು ಎಂದು ಅವನಿಗೆ ಗೊತ್ತಾಯಿತೇ ಹೊರತು ಅವಮಾನವಾಗಲಿಲ್ಲ. ಬಹಳ ಕಾಲದಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಮುಂದಿನ ವಾರವೇ, ಕ್ಯಾಮೆರಾಗಳ ಮುಂದೆ ಕೊಡುತ್ತೇನೆ ಎಂದುಬಿಟ್ಟ. ಮಸೂದೆ ಪಾಸಾದರೆ ಮಂತ್ರಿ ಮಾಡುತ್ತೇವೆಂದು ಪಕ್ಷ ಮಾತು ಕೊಟ್ಟಿತ್ತು, ಹಿಂದೆ ಸರಿಯುವಂತಿರಲಿಲ್ಲ.

ಕಾಲೇಜಿನಲ್ಲಿದ್ದಾಗ ಇದೇ ಮನುಷ್ಯ ಕ್ಯಾಂಟೀನಿನ ಮೇಜು ಹತ್ತಿ, ಒಂದು ಗಿಡಕ್ಕೆ ಹೆದರುವ ಸರ್ಕಾರ ಎಂಥ ಸರ್ಕಾರ ಎಂದು ಗುಡುಗಿದ್ದ. ಆಮೇಲೆ ಗಾಳಿ ಬಂದ ಕಡೆ ತೂರಿಕೊಂಡ. ಈಗ ಎರಡೂ ಭಾಷಣ ಬಾಯಿಗೆ ಬರುತ್ತಿದ್ದವು, ಎರಡೂ ಬೇರೆ ಯಾರೋ ಬರೆದಂತೆ. ಗಾಂಜಾ ಮಾತ್ರ ಬಿಟ್ಟಿರಲಿಲ್ಲ. ಮಜಕ್ಕಲ್ಲ. ಸಂಜೆಯಾದರೆ ಎದೆಯೊಳಗೆ ಖಾಲಿ ಡಬ್ಬ ಅಲುಗಾಡಿದಂತಾಗುತ್ತಿತ್ತು. ಸೇದಿದರೆ ಆ ಸದ್ದು ನಿಲ್ಲುತ್ತಿತ್ತು.

ಮಸೂದೆ ಪಾಸಾಗುವ ಮೊದಲೇ ಈ ಪರೀಕ್ಷೆ ಪ್ರಯೋಗಕ್ಕೆಂದು ನಗರಸಭೆಯಲ್ಲಿ ಜಾರಿಯಾಗಿತ್ತು. ಕೆಲಸ ಕಳೆದುಕೊಂಡ ಕಸ ಗುಡಿಸುವ ಹೆಂಗಸೊಬ್ಬಳು ಅವನ ಕಚೇರಿಗೆ ಬಂದು, ಸೇದುವವನು ಅಳಿಯ, ಇರುವುದು ಒಂದೇ ಕೋಣೆ, ನಾನೆಲ್ಲಿಗೆ ಹೋಗಲಿ ಎಂದು ಅತ್ತಿದ್ದಳು. ಇಂಥವರಿಗಾಗಿ ಒಂದು ಮಿತಿ ಇಡೋಣ ಸಾರ್, ಚೂರುಪಾರು ಕಂಡರೆ ಬಿಟ್ಟುಬಿಡೋಣ ಎಂದು ಮಸೂದೆ ಸಮಿತಿಯ ಡಾಕ್ಟರು ಕರಡಿಗೆ ಒಂದು ಸಾಲು ಸೇರಿಸಿ ಕೇಳಿಕೊಂಡರು. ಅವನು ಆ ಸಾಲನ್ನೇ ಹೊಡೆದು ಹಾಕಿಸಿದ. "ಸೊನ್ನೆ ಅಂದ್ರೆ ಸೊನ್ನೆ" ಎಂದ. ಮಾರನೆಯ ದಿನ ಪತ್ರಿಕೆಗಳಿಗೆ ಅದೇ ತಲೆಬರಹ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೇಕಾದದ್ದು ಶುದ್ಧವಾದ ಒಂದು ದೇಹ. ಅದು ದಿನಾ ಅವನ ಮುಂದೆಯೇ ಕೂರುತ್ತಿತ್ತು: ಅವನ ಡ್ರೈವರು. ಮಾತು ಕಡಿಮೆಯೆಂದು ಎಲ್ಲರೂ ಮೌನಿ ಎನ್ನುತ್ತಿದ್ದರು. ಕುಡಿತವಿಲ್ಲ, ಸಿಗರೇಟಿಲ್ಲ, ಎರಡು ಹೆಣ್ಣುಮಕ್ಕಳ ಫೋಟೋ ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡ ಮನುಷ್ಯ. ಗುಟ್ಟೂ ಅವನಿಗೆ ಹೊಸದಲ್ಲ. ಮನೆಯಲ್ಲಿ ಹೆಂಡತಿಯ ಮೂಗು, ಕಚೇರಿಯಲ್ಲಿ ಜನರ ಕಣ್ಣು. ಶಾಸಕ ಸೇದುತ್ತಿದ್ದದ್ದು ಸಂಜೆ, ಮನೆಗೆ ಹೋಗುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ. ಕಪ್ಪು ಗಾಜು, ಬಿಗಿದ ಕಿಟಕಿ. ವಾಸನೆಯ ಒಂದೆಳೆಯೂ ರಸ್ತೆಗೆ ಸೋರುತ್ತಿರಲಿಲ್ಲ. ಅದರಲ್ಲಿ ಅವನು ತುಂಬ ಹುಷಾರಿ.

ಕೇಳಿದಾಗ ಮೌನಿ ಸ್ಟೇರಿಂಗಿನ ಮೇಲಿದ್ದ ತನ್ನ ಕೈಗಳನ್ನೇ ನೋಡಿದ. ಆಗಲಿ ಸಾರ್ ಎಂದ. ಆಮೇಲೆ, "ಡ್ರೈವರುಗಳ ಸರದಿ ಬಂದಾಗ ನನಗೇನೂ ಆಗಲ್ಲ ತಾನೇ ಸಾರ್?" ಎಂದ.

"ತಪ್ಪು ಮಾಡದವನಿಗೆ ಎಂಥ ಭಯವೋ?"

ಉಳಿದದ್ದು ಸಲೀಸು. ನಿಯಮದ ಪ್ರಕಾರ ಕೆಲಸದವರು ಬಾಟಲಿ ತುಂಬಿಸುವಾಗ ಮೇಸ್ತ್ರಿಯೊಬ್ಬ ಎದುರಿಗೇ ನಿಂತು ನೋಡಬೇಕು. ಜನಪ್ರತಿನಿಧಿಗಳ ಘನತೆಗೆ ಕುಂದು ಬರಬಾರದೆಂದು ಅವರಿಗೆ ಬಾಗಿಲು ಮುಚ್ಚಿಕೊಳ್ಳುವ ಹಕ್ಕು. ಆ ಸಾಲನ್ನು ಬರೆಸಿದವನೂ ಅವನೇ. ತಣ್ಣಗಾದ ಮೂತ್ರ ಕೊಟ್ಟರೆ ನರ್ಸು ಅನುಮಾನ ಪಡುತ್ತಾಳೆಂದು ಓದಿಕೊಂಡಿದ್ದ. ಆ ಬೆಳಿಗ್ಗೆ ಮೌನಿ ಕೊಟ್ಟ ಪುಟ್ಟ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಸಂದಿಗೆ ಪಟ್ಟಿ ಸುತ್ತಿ ಕಟ್ಟಿಕೊಂಡ. ಇನ್ನೊಬ್ಬನ ಬಿಸಿ ತನ್ನ ಚರ್ಮಕ್ಕೆ ತಾಗಿದಾಗಲೂ ಅವನಿಗೆ ಏನೂ ಅನ್ನಿಸಲಿಲ್ಲ.

ಆಸ್ಪತ್ರೆಯ ಮೊದಲ ಮಹಡಿಯ ಹಾಲಿನಲ್ಲಿ ಕ್ಯಾಮೆರಾಗಳು ಕಾದಿದ್ದವು. ಮುಂದಿನ ಕುರ್ಚಿಯಲ್ಲಿ ಟೀಚರಮ್ಮ. ಅವನು ಒಳಗೆ ಹೋಗಿ, ಚಿಲಕ ಹಾಕಿ, ಬಾಟಲಿಗೆ ಸುರಿದು, ಕೈ ತೊಳೆದು ಹೊರಬಂದ. ನರ್ಸು ಬಾಟಲಿ ಮುಟ್ಟಿ ನೋಡಿ ತಲೆಯಾಡಿಸಿದಳು. ಬೆಚ್ಚಗಿತ್ತು. ಸಮಿತಿಯ ಅದೇ ಡಾಕ್ಟರು ಪರೀಕ್ಷೆಯ ಪಟ್ಟಿಯನ್ನು ಅದ್ದಿ ಎಲ್ಲರಿಗೂ ವಿವರಿಸಿದರು: ಎರಡು ಗೆರೆ ಮೂಡಿದರೆ ಶುದ್ಧ, ಒಂದೇ ಮೂಡಿದರೆ ಗಾಂಜಾ ಇದೆ ಎಂದರ್ಥ. ಶಾಸಕ ಮುಗುಳ್ನಕ್ಕ. ಆ ನಗುವೂ ಬಾಯಿಪಾಠ.

ಮೊದಲ ಗೆರೆ ಮೂಡಿತು. ಡಾಕ್ಟರು ಕಾದರು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಕಾದರು.

"ಚೂರೇ ಇರಬಹುದು ಸಾರ್" ಎಂದು ಅವನ ಕಿವಿಯ ಹತ್ತಿರ ಬಂದರು. "ಪಕ್ಕದವರ ಹೊಗೆ ದಿನಾ ಕುಡಿದ್ರೂ ಹೀಗಾಗೋದುಂಟು. ಆ ಮಿತಿ ಒಂದು ಇಟ್ಟಿದ್ರೆ..."

"ಸೊನ್ನೆ ಅಂದ್ರೆ ಸೊನ್ನೆ ಅಲ್ವಾ ಸ್ವಾಮಿ" ಎಂದಳು ಟೀಚರಮ್ಮ. ಅವಳೂ ನಗಲಿಲ್ಲ.

ಮೌನಿ ಕದ್ದು ಸೇದಿದನೇ? ಹಣ ತಿಂದು ಕೈಕೊಟ್ಟನೇ? ಬೈಗುಳ ಹುಡುಕುತ್ತ ಶಾಸಕ ಕಿಟಕಿಯತ್ತ ತಿರುಗಿದ. ಕೆಳಗೆ ಕಾರು ನಿಂತಿತ್ತು. ಅದರ ನಾಲ್ಕೂ ಬಾಗಿಲು ಹಾರುಹೊಡೆದಿದ್ದವು. ಮೌನಿ ಒಂದು ಒದ್ದೆ ಬಟ್ಟೆಯನ್ನು ಬೀಸಿ ಬೀಸಿ ಒಳಗೆ ಉಳಿದಿದ್ದ ನಿನ್ನೆ ಸಂಜೆಯ ವಾಸನೆಯನ್ನು ಹೊರಗೆ ಅಟ್ಟುತ್ತಿದ್ದ. ನಡುನಡುವೆ ಬಾನೆಟ್ಟಿಗೆ ಕೈಯೂರಿ ಕೆಮ್ಮುತ್ತಿದ್ದ. ಮನೆ ಮುಟ್ಟಿದೊಡನೆ ಅವನು ಹೀಗೇ ಬಾಗಿಲು ತೆರೆಯುವುದನ್ನು ಶಾಸಕ ಪ್ರತಿ ಸಂಜೆ ನೋಡಿದ್ದ. ಪಾಪ, ಶುಚಿ ಜಾಸ್ತಿ ಎಂದುಕೊಂಡಿದ್ದ.